ಹರಗಿದ ಹೊಲದ ಉಬ್ಬುತಗ್ಗು



ಹೊಲದ ಮೈಮೇಲಣ ಉಬ್ಬುತಗ್ಗನ್ನು ಅಳೆಯುವ ವಿಚಾರವಾಗಿ ಈ ಹೊತ್ತು ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಉಬ್ಬುತಗ್ಗೆಂದರೆ ಗುಡ್ಡ ಕಣಿವೆಗಳಲ್ಲ. ಹೊಲದ ಇಳಿಜಾರೂ ಅಲ್ಲ. ರಂಟೆ ಹೊಡೆದಾಗ ಎದ್ದು ನಿಲ್ಲುವ ಹೆಂಟೆಗಳು, ಆ ಹೆಂಟೆಗಳ ನಡುವಣ ಸಂದುಗಳು, ಕುಂಟೆ ಹಾಯ್ದ ಮೇಲೆ ಉಳಿಯುವ ಸಣ್ಣ ಗೀರುಗಳು, ಕೂರಿಗೆ ಎಳೆದ ಸಾಲುಗಳು, ಮಳೆ ಬಡಿದ ಮೇಲೆ ಇವೆಲ್ಲವೂ ಕುಸಿದು ಸಮನಾಗುತ್ತ ಬರುವ ಬಗೆ, ಹೀಗೆ ಬೆರಳಿನ ಲೆಕ್ಕದಲ್ಲಿ ಇರತಕ್ಕ ಏರಿಳಿತಗಳೇ ನನ್ನ ವಿಷಯ. ರೈತನು ಇದನ್ನು ಅಂಗಾಲಿನಿಂದಲೇ ಬಲ್ಲನು. ವಿಜ್ಞಾನಿಯು ಇದನ್ನು ಸಂಖ್ಯೆಯಲ್ಲಿ ಹಿಡಿಯಲು ಯತ್ನಿಸುತ್ತಾನೆ. ಸುಮಾರು 700 ಕಿಲೋಮೀಟರು ಮೇಲೆ ಸುತ್ತುವ ಉಪಗ್ರಹವೂ ಈಗ ಇದನ್ನು ಗ್ರಹಿಸಬಲ್ಲುದು. ಆದರೆ ನೆಲದ ಮೇಲಿರುವವರ ನೆರವಿಲ್ಲದೆ ಹೋದರೆ ಅದರ ಓದು ತಪ್ಪಾಗುತ್ತದೆ. ಆ ನೆರವನ್ನು ನಮ್ಮ ಹನುಮಸಾಗರದಂಥ ಊರು ಚೆನ್ನಾಗಿ ಕೊಡಬಲ್ಲುದೆಂಬುದು ನನ್ನ ದೃಢವಾದ ನಂಬಿಕೆ.

ಹನುಮಸಾಗರವು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿಗೆ ಸೇರಿದ್ದು. ಒಂದು ಮಗ್ಗುಲಿಗೆ ಗಜೇಂದ್ರಗಡ, ಇನ್ನೊಂದು ಮಗ್ಗುಲಿಗೆ ಇಳಕಲ್ಲು. ಮಳೆನೆರಳಿನ ಸೀಮೆ. ವರ್ಷದ ಮಳೆ ಸುಮಾರು 600 ಮಿಲಿಮೀಟರಿನಷ್ಟು, ಅದೂ ನೆಚ್ಚಿಕೊಳ್ಳುವಂಥದಲ್ಲ. ಇಲ್ಲಿ ಎರಡು ಬಗೆಯ ನೆಲ ಒಂದರ ಪಕ್ಕದಲ್ಲೊಂದು ಹಬ್ಬಿದೆ. ಕೆಂಪಗಿನ ಮಸಾರಿ ಒಂದು, ಕಪ್ಪು ಎರೆ ಇನ್ನೊಂದು. ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ಶೇಂಗಾ, ತೊಗರಿ. ಎರೆಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ. ಹಿಂಗಾರಿಗೆಂದು ಬಿಟ್ಟ ಎರೆಹೊಲವು ಮುಂಗಾರಿನ ತಿಂಗಳುಗಳಲ್ಲಿ ಬೆಳೆಯಿಲ್ಲದೆ, ಆಗಾಗ ಕುಂಟೆ ಹೊಡೆಸಿಕೊಳ್ಳುತ್ತ, ಮಳೆಯನ್ನು ಕುಡಿಯುತ್ತ ಇರುವುದುಂಟು. ಈ ಸಂಗತಿಯನ್ನು ದಯಮಾಡಿ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಹೊಲದ ಉಬ್ಬುತಗ್ಗಿನಿಂದ ಆಗುವ ಕೆಲಸವಾದರೂ ಏನು? ಬಿದ್ದ ನೀರನ್ನು ಬಿದ್ದಲ್ಲಿಯೇ ತಡೆದು ನಿಲ್ಲಿಸುವುದು. ಹೆಂಟೆಗಳ ನಡುವಣ ಪ್ರತಿಯೊಂದು ತಗ್ಗೂ ಒಂದು ಕಿರುಹೊಂಡ. ಹೊಂಡ ತುಂಬಿದ ಮೇಲಲ್ಲವೆ ನೀರು ಹರಿಯಲು ತೊಡಗುವುದು? ಒಂದು ಎಕರೆಯ ಮೇಲೆ ಒಂದೇ ಒಂದು ಮಿಲಿಮೀಟರು ನೀರು ತಂಗಿದರೆ ಅದು ಸುಮಾರು 4 ಸಾವಿರ ಲೀಟರು. ಐದು ಮಿಲಿಮೀಟರು ತಂಗಿದರೆ 20 ಸಾವಿರ ಲೀಟರು. ಬರದ ಬೇಸಗೆಯಲ್ಲಿ ದಾಳಿಂಬೆ ಗಿಡ ಉಳಿಸಿಕೊಳ್ಳಲು ಟ್ಯಾಂಕರಿನಿಂದ ನೀರು ಹೊಡೆದ ಕುಷ್ಟಗಿ ಸೀಮೆಯ ಬೆಳೆಗಾರರಿಗೆ ಈ ಅಂಕಿಯ ಬೆಲೆಯನ್ನು ನಾನು ವಿವರಿಸಬೇಕಾದುದಿಲ್ಲ. ನೆಲವು ನುಣುಪಾಗಿದ್ದರೆ ಅದೇ ನೀರು ಮಣ್ಣನ್ನೂ ಕೂಡಿಸಿಕೊಂಡು ಹಳ್ಳ ಸೇರುತ್ತದೆ.

ಈ ತಿಳಿವಳಿಕೆ ಇಂದಿನದಲ್ಲ. 1930ರ ದಶಕದಲ್ಲಿ ಭಾರತದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಐದು ಕೇಂದ್ರಗಳನ್ನು ಆರಿಸಿಕೊಂಡಾಗ, ಸೊಲ್ಲಾಪುರ, ಬಿಜಾಪುರ, ಹಗರಿ, ರೋಹತಕ್‌ಗಳೊಡನೆ ರಾಯಚೂರೂ ಅವುಗಳಲ್ಲಿ ಒಂದಾಗಿತ್ತು. ಕೊಪ್ಪಳ ಸೀಮೆಯು ಆಗ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದಿತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರವು ಎರೆನೆಲಕ್ಕೆಂದೇ ಸ್ಥಾಪಿತವಾಯಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಎರೆಹೊಲದಲ್ಲಿ ಚೌಕು ಮಡಿ ಕಟ್ಟುವುದು, ಬದು ಹಾಕುವುದು, ಈ ಎಲ್ಲ ಉಪದೇಶದ ಹಿಂದೆ ಇದ್ದ ಉದ್ದೇಶ ಒಂದೇ: ನೆಲದ ಮೈಯನ್ನು ನೀರು ಹಿಡಿಯುವಂತೆ ಮಾಡುವುದು. ಬದುವು ದೊಡ್ಡ ಉಬ್ಬು, ಹೆಂಟೆಯು ಚಿಕ್ಕ ಉಬ್ಬು. ಬದುವಿನ ಎತ್ತರವನ್ನು ನಾವು ಅಳೆದಿದ್ದೇವೆ. ಹೆಂಟೆಯದನ್ನು ಅಳೆದವರು ವಿರಳ.

ಇದುವರೆಗೆ ಹೇಳಿದ್ದು, ಉಬ್ಬುತಗ್ಗು ನೀರನ್ನು ತಡೆಯುತ್ತದೆ ಎಂಬುದು. ಇನ್ನು, ಅದು ಎಷ್ಟು ದಿನ ಬಾಳುತ್ತದೆ ಎಂಬುದನ್ನು ನೋಡೋಣ. ಬದುವಿನಂತೆ ಅದು ವರ್ಷಗಟ್ಟಲೆ ನಿಲ್ಲತಕ್ಕುದಲ್ಲ. ಮಳೆ ಬಿದ್ದಷ್ಟೂ ಅದು ಸವೆಯುತ್ತದೆ. ಮೊದಮೊದಲ ಮಳೆಗೆ ಬಹಳ, ಆಮೇಲಾಮೇಲೆ ಸ್ವಲ್ಪ ಸ್ವಲ್ಪ. ಆದರೆ ನಮ್ಮ ಎರಡು ನೆಲಗಳು ಸವೆಯುವ ಬಗೆ ಬೇರೆ ಬೇರೆ.

ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಎರೆಯ ಹೆಂಟೆಯೊಂದನ್ನು, ನಿಂಬೆಹಣ್ಣಿನ ಗಾತ್ರದ್ದು ಸಾಕು, ನೀರು ತುಂಬಿದ ಬೋಗುಣಿಯಲ್ಲಿ ಮೆಲ್ಲಗೆ ಇಡಿ. ಮೊದಲು ಗುಳ್ಳೆಗಳು ಏಳುವುವು. ಅಂಚುಗಳು ಸೀಳುವುವು. ಕೆಲವೇ ನಿಮಿಷಗಳಲ್ಲಿ ಹೆಂಟೆಯ ಆಕಾರವು ಹೋಗಿ ಸಣ್ಣ ಹರಳುಗಳ ಗುಪ್ಪೆಯೊಂದು ತಳದಲ್ಲಿ ಉಳಿಯುವುದು. ಒಳಗೆ ನುಗ್ಗುವ ನೀರು ರಂಧ್ರಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಒತ್ತುವುದರಿಂದಲೂ, ಒದ್ದೆಯಾದ ಜೇಡಿಯು ಒಂದೇ ಸಮನಾಗಿ ಉಬ್ಬದೆ ಹೋಗುವುದರಿಂದಲೂ ಹೀಗಾಗುತ್ತದೆ. ಎರೆಹೊಲದ ದೊಡ್ಡ ದೊಡ್ಡ ಹೆಂಟೆಗಳು ಒಂದೆರಡು ಹದಮಳೆಗೆ ತಾವಾಗಿಯೇ ಪುಡಿಯಾಗುವುದು ಇದೇ ಕಾರಣದಿಂದ. ಮಸಾರಿಯಲ್ಲಿ ನಡೆಯುವುದು ಬೇರೆ. ಹನಿಯ ಪೆಟ್ಟಿಗೆ ಮಣ್ಣಿನ ಹರಳು ಒಡೆದು, ಅದರ ನುಣ್ಣನೆಯ ಭಾಗವು ರಂಧ್ರಗಳ ಬಾಯಿ ಮುಚ್ಚುವುದು. ಎರಡು ದಿನ ಬಿಸಿಲು ಬಿದ್ದರೆ ಮೇಲ್ಪದರವು ಹೆಪ್ಪುಗಟ್ಟುವುದು. ಉಗುರಿನಿಂದ ಎಬ್ಬಿಸಿದರೆ ಬಿಲ್ಲೆ ಬಿಲ್ಲೆಯಾಗಿ ಏಳುವ ಆ ಪದರದ ದಪ್ಪ ಕೆಲವೇ ಮಿಲಿಮೀಟರು. ಅದರ ಅಡಿಯಲ್ಲಿ ಸಜ್ಜೆಯ ಮೊಳಕೆ ಮೇಲೇಳಲಾರದೆ ಬಾಗಿ, ಹಳದಿ ತಿರುಗಿ ಸಿಕ್ಕಿಕೊಂಡಿರುವುದನ್ನು ಮಸಾರಿಯಲ್ಲಿ ಬಿತ್ತಿದವರು ಕಂಡೇ ಇದ್ದಾರೆ. ಹೀಗೆ, ಒಂದೇ ದಿನ ಒಂದೇ ರಂಟೆ ಹೊಡೆದ ಎರಡು ಹೊಲಗಳು ಒಂದೇ ಮಳೆಯ ತರುವಾಯ ಎರಡು ಬಗೆಯ ಮೈ ತಳೆಯುತ್ತವೆ. ಆದುದರಿಂದ ಒಮ್ಮೆ ಅಳೆದು ಬರೆದಿಟ್ಟರೆ ಮುಗಿಯಲಿಲ್ಲ. ಮತ್ತೆ ಮತ್ತೆ ಅಳೆಯಬೇಕು.

ಉಬ್ಬುತಗ್ಗು ನೀರು ಹಿಡಿಯುತ್ತದೆ, ಮಳೆಗೆ ಸವೆಯುತ್ತದೆ, ನೆಲದಿಂದ ನೆಲಕ್ಕೆ ಬೇರೆಯಾಗುತ್ತದೆ, ಇಷ್ಟಾಯಿತು. ಈಗ ಅಳೆಯುವ ಕ್ರಮ ಹೇಗೆಂಬ ಪ್ರಶ್ನೆ.

ಮೊದಲು ನೆಲದ ಮೇಲಿನ ಕ್ರಮ. ಸುಮಾರು ಒಂದು ಮೀಟರು ಉದ್ದದ ಹಲಗೆಯೊಂದರಲ್ಲಿ, ಒಂದೊಂದು ಸೆಂಟಿಮೀಟರಿಗೆ ಒಂದರಂತೆ ತೂತು ಕೊರೆದು, ಪ್ರತಿ ತೂತಿನಲ್ಲಿಯೂ ಸಲೀಸಾಗಿ ಜಾರುವ ಕಡ್ಡಿಯನ್ನು ಇರಿಸುತ್ತಾರೆ. ಹಲಗೆಯನ್ನು ಹೊಲದ ಮೇಲೆ ಮಟ್ಟಸವಾಗಿ ನಿಲ್ಲಿಸಿ ಕಡ್ಡಿಗಳನ್ನು ಬಿಟ್ಟರೆ, ಹೆಂಟೆಯ ಮೇಲೆ ಕುಳಿತ ಕಡ್ಡಿ ಮೇಲಕ್ಕೂ, ಸಂದಿಗೆ ಇಳಿದ ಕಡ್ಡಿ ಕೆಳಕ್ಕೂ ನಿಂತು, ಅವುಗಳ ತಲೆಗಳೆಲ್ಲ ಕೂಡಿ ನೆಲದ ಮೈಯ ರೇಖೆಯನ್ನೇ ಬರೆದಂತಾಗುತ್ತದೆ. ಆ ರೇಖೆಯಿಂದ ಎರಡು ಅಂಶಗಳನ್ನು ಲೆಕ್ಕ ಹಾಕುತ್ತಾರೆ. ಸರಾಸರಿ ಮಟ್ಟದಿಂದ ನೆಲವು ಎಷ್ಟು ಮೇಲೆ ಕೆಳಗೆ ಆಡುತ್ತದೆ ಎಂಬುದು ಮೊದಲನೆಯದು. ಒಂದು ಉಬ್ಬಿಗೂ ಇನ್ನೊಂದಕ್ಕೂ ಎಷ್ಟು ದೂರ ಎಂಬುದನ್ನು ಸೂಚಿಸುವ ಅಂತರ ಎರಡನೆಯದು. ಹದಗೊಳಿಸಿ ಬಿತ್ತಿದ ನೆಲದಲ್ಲಿ ಮೊದಲನೆಯ ಅಳತೆ ಸುಮಾರು 1 ಸೆಂಟಿಮೀಟರು. ಹರಗಿದ ಹೊಲದಲ್ಲಿ ಸುಮಾರು 2. ಆಳವಾಗಿ ಉತ್ತು ಹೆಂಟೆ ಎಬ್ಬಿಸಿದ ಹೊಲದಲ್ಲಿ 3 ಅಥವಾ 4, ಕೆಲವೊಮ್ಮೆ ಇನ್ನೂ ಹೆಚ್ಚು.

ಇದಕ್ಕಿಂತಲೂ ಸುಲಭವಾದ ಕ್ರಮವೊಂದು 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದಕ್ಕೆ ಬೇಕಾದುದು ಒಂದು ಸರಪಳಿ ಮಾತ್ರ. ಒಂದು ಮೀಟರು ಉದ್ದದ ಸರಪಳಿಯನ್ನು ಸಪಾಟಾದ ನೆಲದ ಮೇಲೆ ಚಾಚಿದರೆ ಒಂದು ಮೀಟರು ದೂರವನ್ನೇ ಮುಟ್ಟುತ್ತದೆ. ಅದನ್ನೇ ಉತ್ತ ಹೊಲದ ಮೇಲೆ, ಪ್ರತಿಯೊಂದು ಉಬ್ಬನ್ನು ಹತ್ತಿಸಿ ಪ್ರತಿಯೊಂದು ತಗ್ಗಿಗೆ ಇಳಿಸಿ ಹಾಸಿದರೆ, ಅದು ಮುಟ್ಟುವ ದೂರ 80 ಸೆಂಟಿಮೀಟರಿಗೆ ಇಳಿಯಬಹುದು. ನೂರರಲ್ಲಿ ಇಪ್ಪತ್ತು ಕಳೆಯಿತು. ಆ ಇಪ್ಪತ್ತೇ ಅಳತೆ. ಸೈಕಲ್ಲಿನ ಹಳೆಯ ಚೈನು ಈ ಕೆಲಸಕ್ಕೆ ಒದಗುತ್ತದೆ. ಅದರ ಒಂದೊಂದು ಕೊಂಡಿ ಅರ್ಧ ಅಂಗುಲವಾದುದರಿಂದ ಅದಕ್ಕಿಂತ ಚಿಕ್ಕ ಏರಿಳಿತವು ಲೆಕ್ಕಕ್ಕೆ ಬಾರದು. ಎತ್ತರವೆಷ್ಟು, ಅಂತರವೆಷ್ಟು ಎಂದು ಬೇರೆ ಬೇರೆಯಾಗಿ ತಿಳಿಸುವ ಶಕ್ತಿಯೂ ಸರಪಳಿಗಿಲ್ಲ. ಈ ಕೊರತೆಗಳಿದ್ದರೂ, ಊರಿನ ಹುಡುಗರು ಶಾಲೆಯ ಅಳತೆಪಟ್ಟಿ ಹಿಡಿದು ಮಾಡಬಹುದಾದ ಇನ್ನೊಂದು ಕ್ರಮವನ್ನು ನಾನು ಕಾಣೆ.

ನೆಲದ ಮೇಲಿನ ಅಳತೆಯು ನಿಖರ, ಆದರೆ ಒಂದು ಮೀಟರಿಗೆ ಸೀಮಿತ. ಒಂದು ಊರಿನ ಸಾವಿರಾರು ಎಕರೆಗೆ ಹಲಗೆ ಹೊತ್ತು ತಿರುಗುವುದು ಆಗದ ಮಾತು. ಆದಕಾರಣವೇ ಮೇಲಿನಿಂದ ನೋಡುವ ಕ್ರಮ ಬೇಕಾಯಿತು. ಡ್ರೋನಿನಿಂದ ಒಂದರ ಮೇಲೊಂದು ಸೇರುವಂತೆ ಚಿತ್ರಗಳನ್ನು ತೆಗೆದು, ಅವನ್ನು ಗಣಕದಲ್ಲಿ ಹೊಂದಿಸಿ ಹೆಂಟೆಗಳ ಎತ್ತರವನ್ನು ಲೆಕ್ಕ ಹಾಕಬಹುದು. ಒಂದೆರಡು ಹೊಲಗಳಿಗೆ ಅದು ಬಹಳ ಒಳ್ಳೆಯದು. ಇಡಿಯ ಸೀಮೆಗೆ ಉಪಗ್ರಹವೇ ಬೇಕು.

ಎಲ್ಲ ಉಪಗ್ರಹವೂ ಇದಕ್ಕೆ ಆಗದು. ಸೂರ್ಯನ ಬೆಳಕಿನಲ್ಲಿ ಚಿತ್ರ ತೆಗೆಯುವ ಉಪಗ್ರಹಕ್ಕೆ ಮುಂಗಾರಿನ ಮೋಡ ಅಡ್ಡ ಬರುತ್ತದೆ. ರಾಡಾರ್ ಉಪಗ್ರಹಕ್ಕೆ ಆ ತೊಡಕಿಲ್ಲ. ಅದು ತಾನೇ ಸೂಕ್ಷ್ಮ ತರಂಗವನ್ನು ಓರೆಯಾಗಿ ಕೆಳಕ್ಕೆ ಕಳುಹಿಸಿ, ನೆಲದಿಂದ ಮರಳಿದ ಭಾಗವನ್ನು ಹಿಡಿಯುತ್ತದೆ. ಹಗಲಾಗಲಿ, ಇರುಳಾಗಲಿ, ಮೋಡವಾಗಲಿ, ಅದಕ್ಕೆ ಒಂದೇ. ಕತ್ತಲೆಯಲ್ಲಿ ನಿಶ್ಚಲವಾದ ಕೆರೆಯ ನೀರಿನ ಮೇಲೆ ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಬೆಳಕು ಜಾರಿ ಆಚೆಗೆ ಹೋಗುತ್ತದೆ, ನಿಮ್ಮ ಕಣ್ಣಿಗೆ ನೀರು ಕಪ್ಪಾಗಿಯೇ ಕಾಣುತ್ತದೆ. ಅದೇ ಬೆಳಕನ್ನು ಕೆರೆಯ ಪಕ್ಕದ ಉತ್ತ ಹೊಲದ ಮೇಲೆ ಬಿಟ್ಟರೆ, ಹೆಂಟೆಗಳಿಗೆ ಬಡಿದು ಎಲ್ಲ ದಿಕ್ಕಿಗೂ ಚದುರಿ, ಒಂದಿಷ್ಟು ನಿಮ್ಮ ಕಡೆಗೂ ಮರಳುತ್ತದೆ. ರಾಡಾರಿನ ಪಾಲಿಗೂ ಹೀಗೆಯೇ: ನುಣುಪಾದ ನೆಲ ಕಪ್ಪು, ಒರಟಾದ ನೆಲ ಬೆಳ್ಳಗೆ.

ಆದರೆ ಯಾವುದು ನುಣುಪು, ಯಾವುದು ಒರಟು? ಇದನ್ನು ತೀರ್ಮಾನಿಸುವುದು ತರಂಗದ ಉದ್ದ. ಇದು ಈ ಭಾಷಣದ ತಿರುಳಾದುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಐರೋಪ್ಯರು 2014ರಲ್ಲಿ ಹಾರಿಸಿದ ಸೆಂಟಿನೆಲ್-1, ನಮ್ಮವರೇ 2012ರಲ್ಲಿ ಹಾರಿಸಿದ ರಿಸ್ಯಾಟ್-1, ಅದರ ಉತ್ತರಾಧಿಕಾರಿಯಾಗಿ 2022ರಲ್ಲಿ ಹೋದ ಇಒಎಸ್-04, ಇವುಗಳ ತರಂಗದ ಉದ್ದ ಸುಮಾರು ಐದೂವರೆ ಸೆಂಟಿಮೀಟರು. ಭಾರತ ಮತ್ತು ಅಮೆರಿಕ ಕೂಡಿ ನಿರ್ಮಿಸಿ, ಬೆಂಗಳೂರಿನಲ್ಲಿ ಜೋಡಿಸಿ, 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿಸಿದ ನಿಸಾರ್ ಉಪಗ್ರಹವು ಎರಡು ತರಂಗಗಳನ್ನು ಬಳಸುತ್ತದೆ. ಒಂದು ಸುಮಾರು 24 ಸೆಂಟಿಮೀಟರು, ಇನ್ನೊಂದು 10ಕ್ಕೆ ಸ್ವಲ್ಪ ಕಡಮೆ. ಭೌತವಿಜ್ಞಾನದಲ್ಲಿ ರ‍್ಯಾಲೆ ಎಂಬ ಪಂಡಿತನ ಹೆಸರಿನ ನಿಯಮವೊಂದುಂಟು. ಸಾಮಾನ್ಯವಾಗಿ ರಾಡಾರು ನೋಡುವ ಓರೆಯಲ್ಲಿ ಆ ನಿಯಮದಂತೆ ಲೆಕ್ಕ ಹಾಕಿದರೆ, ಐದೂವರೆ ಸೆಂಟಿಮೀಟರಿನ ತರಂಗಕ್ಕೆ 1 ಸೆಂಟಿಮೀಟರಿನ ಏರಿಳಿತವೇ ಒರಟು. 10ರ ಹತ್ತಿರದ ತರಂಗಕ್ಕೆ ಒಂದೂವರೆ ದಾಟಬೇಕು. 24ರದಕ್ಕೆ ಸುಮಾರು 4 ಆಗಬೇಕು. ಅಂದರೆ, 2 ಸೆಂಟಿಮೀಟರು ಏರಿಳಿತವಿರುವ ನಿಮ್ಮ ಹರಗಿದ ಹೊಲವು ಚಿಕ್ಕ ತರಂಗಕ್ಕೆ ಒರಟಾಗಿಯೂ ದೊಡ್ಡ ತರಂಗಕ್ಕೆ ನುಣುಪಾಗಿಯೂ ಕಾಣುತ್ತದೆ. ಚಿಕ್ಕ ತರಂಗಕ್ಕೆ ಇನ್ನೊಂದು ದೌರ್ಬಲ್ಯವೂ ಇದೆ. ನೆಲವು ಒಂದು ಮಿತಿಯನ್ನು ಮೀರಿ ಒರಟಾದ ಮೇಲೆ, 3 ಸೆಂಟಿಮೀಟರಿಗೂ 5 ಸೆಂಟಿಮೀಟರಿಗೂ ಅದು ಹೆಚ್ಚಿನ ಭೇದ ಕಾಣಲಾರದು. ರಂಟೆಯ ಹೆಂಟೆಯನ್ನು ಅರಿಯಲು ದೊಡ್ಡ ತರಂಗ, ಕುಂಟೆಯ ಗೀರನ್ನು ಅರಿಯಲು ಚಿಕ್ಕ ತರಂಗ. ಎರಡೂ ಕೂಡಿದಾಗ ತಿಳಿವಳಿಕೆ ಪೂರ್ಣವಾಗುತ್ತದೆ.

ಸಾಲಿನ ದಿಕ್ಕೂ ಮುಖ್ಯ. ಈ ಉಪಗ್ರಹಗಳು ಹೆಚ್ಚುಕಡಮೆ ಉತ್ತರ ದಕ್ಷಿಣವಾಗಿ ಹಾಯುತ್ತ ಮಗ್ಗುಲಿಗೆ ನೋಡುತ್ತವೆ. ಉತ್ತರ ದಕ್ಷಿಣವಾಗಿ ಹೊಡೆದ ಸಾಲಿನ ದಿಂಡು ಅವಕ್ಕೆ ಎದುರಾಗಿ ನಿಂತು ಹೆಚ್ಚು ತರಂಗವನ್ನು ಮರಳಿಸುತ್ತದೆ. ಪೂರ್ವ ಪಶ್ಚಿಮವಾಗಿ ಹೊಡೆದ ಸಾಲಿನಲ್ಲಿ ಅದು ನುಸುಳಿ ಹೋಗುತ್ತದೆ. ಒಂದೇ ಮಣ್ಣು, ಒಂದೇ ಕುಂಟೆ, ಒಂದೇ ದಿನ. ರಾಡಾರಿನ ಓದು ಮಾತ್ರ ಎರಡು.

ರಾಡಾರು ಒರಟುತನವನ್ನು ಕಾಣುತ್ತದೆ, ತರಂಗದ ಉದ್ದಕ್ಕೂ ಸಾಲಿನ ದಿಕ್ಕಿಗೂ ತಕ್ಕಂತೆ ಕಾಣುತ್ತದೆ ಎಂದೆ. ಇನ್ನು ಬರುವುದು ಅಸಲಾದ ತೊಡಕು. ಅದು ತೇವವನ್ನೂ ಕಾಣುತ್ತದೆ. ಒದ್ದೆಯಾದ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ತರಂಗವನ್ನು ಮರಳಿಸುತ್ತದೆ. ಹೊಲವೊಂದು ಚಿತ್ರದಲ್ಲಿ ಬೆಳ್ಳಗೆ ಕಂಡರೆ, ಅಲ್ಲಿ ಮಳೆ ಬಿದ್ದಿದೆಯೋ, ಅಥವಾ ಯಾರೋ ನಿನ್ನೆ ರಂಟೆ ಹೊಡೆದಿದ್ದಾರೋ? ಮೇಲಿನಿಂದ ನೋಡಿದಷ್ಟರಿಂದಲೇ ಹೇಳಲಾಗದು. ಈ ಗಂಟನ್ನು ಬಿಡಿಸದೆ ಉಪಗ್ರಹವು ಕೊಡುವ ತೇವದ ಅಂಕಿಯನ್ನು ನಂಬಿ ಬಿತ್ತನೆಯ ಸಲಹೆ ಕೊಡುವುದು ನನ್ನ ಮಟ್ಟಿಗೆ ಒಪ್ಪತಕ್ಕ ಸಂಗತಿಯಲ್ಲ. ಒಣಬೇಸಾಯದವನ ಬೀಜ, ಎತ್ತು, ಸಾಲ, ಎಲ್ಲವೂ ಆ ಒಂದು ಸಲಹೆಯ ಮೇಲೆ ನಿಂತಿರುತ್ತವೆ.

ನಮ್ಮ ರಾಜ್ಯದಲ್ಲಿಯೇ ಈ ಗಂಟಿಗೆ ಕೈಹಾಕಿದವರಿದ್ದಾರೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬೇರಂಬಾಡಿ ಎಂಬ ಜಲಾನಯನ ಪ್ರದೇಶವಿದೆ. ವಿಸ್ತಾರ ಸುಮಾರು 84 ಚದರ ಕಿಲೋಮೀಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ಫ್ರಾನ್ಸಿನ ವಿಜ್ಞಾನಿಗಳೊಡನೆ ಕೂಡಿ, ಅಲ್ಲಿಯ ಸುಮಾರು 50 ಹೊಲಗಳಲ್ಲಿ ಮಣ್ಣಿನ ತೇವವನ್ನು ಅಳೆದರು. ನಾಲ್ಕು ವರ್ಷಗಳಲ್ಲಿ ಹೊಲದ ಅಳತೆಗಳು 1,200ಕ್ಕೂ ಹೆಚ್ಚು; ಕೆನಡಾದ ರಾಡಾರ್‌ಸ್ಯಾಟ್-2 ಉಪಗ್ರಹದ ಚಿತ್ರಗಳು ಸುಮಾರು 30. ಫಲಿತಾಂಶವು 2015ರಲ್ಲಿ ಪ್ರಕಟವಾಯಿತು. ಅವರು ಅನುಸರಿಸಿದ ಹಾದಿ ಜಾಣತನದ್ದು. ಒಂದು ಹೊಲವನ್ನು ಇನ್ನೊಂದಕ್ಕೆ ಹೋಲಿಸದೆ, ಆ ಹೊಲದ ಹಲವು ದಿನಗಳ ಚಿತ್ರಗಳನ್ನು ಅದರೊಡನೆಯೇ ಹೋಲಿಸಿ, ಅದು ತನ್ನ ಮಟ್ಟಿಗೆ ಎಷ್ಟು ಒಣ, ಎಷ್ಟು ಒದ್ದೆ ಎಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಮಣ್ಣಿನ ಗುಣದ ಮಾಹಿತಿಯಿಂದ ಅದನ್ನು ನಿಜವಾದ ತೇವಕ್ಕೆ ಪರಿವರ್ತಿಸಿದರು. ಬಹುಪಾಲು ಹೊಲಗಳಲ್ಲಿ, ನೂರು ಪಾಲು ಮಣ್ಣಿನ ಗಾತ್ರಕ್ಕೆ ಎರಡರಿಂದ ಆರು ಪಾಲು ನೀರಿನಷ್ಟು ಮಾತ್ರ ವ್ಯತ್ಯಾಸ ಬಂದಿತು. ಇದು ದೊಡ್ಡ ಸಾಧನೆ. ಆದರೆ ಇದರಲ್ಲಿ ಉಬ್ಬುತಗ್ಗನ್ನು ಸುತ್ತುಬಳಸಿ ದಾಟಿದ್ದಾರೆಯೇ ಹೊರತು ಅಳೆದು ತೀರಿಸಿಲ್ಲ. ಎರಡು ಚಿತ್ರಗಳ ನಡುವೆ ರೈತನು ರಂಟೆ ಹೊಡೆದರೆ ಲೆಕ್ಕ ಅಲುಗುತ್ತದೆ. ಮುಂಗಾರಿನುದ್ದಕ್ಕೂ ಕುಂಟೆ ಹಾಯುವ ನಮ್ಮ ಎರೆಹೊಲದಲ್ಲಿ ಅದು ಅಲುಗುವ ಸಂಭವ ಹೆಚ್ಚು.

ಬೇರೊಂದು ಹಾದಿಯೂ ಇದೆ, ಮತ್ತು ಅದು ಹನುಮಸಾಗರಕ್ಕೆ ಒಪ್ಪುವಂಥದು. ಬೇಸಗೆಯಲ್ಲಿ ಮಣ್ಣಿನ ಮೇಲಣ ನಾಲ್ಕು ಬೆರಳು ಪೂರ್ತಿ ಒಣಗಿರುತ್ತದೆ. ಬೆಳೆಯಿಲ್ಲ, ಕಳೆಯಿಲ್ಲ, ತೇವವಿಲ್ಲ. ಆಗ ತೆಗೆದ ರಾಡಾರ್ ಚಿತ್ರದಲ್ಲಿ ಹೊಲಕ್ಕೂ ಹೊಲಕ್ಕೂ ಕಾಣುವ ಭೇದವು ಬಹುಮಟ್ಟಿಗೆ ಉಬ್ಬುತಗ್ಗಿನದೇ. ಅದನ್ನು ಮೊದಲು ಗುರುತಿಸಿಟ್ಟುಕೊಂಡು, ಮಳೆ ಬಿದ್ದ ಮೇಲಿನ ಚಿತ್ರದಿಂದ ಅದರ ಪಾಲನ್ನು ಕಳೆದರೆ ಉಳಿಯುವುದು ತೇವ. ಚೈತ್ರ ವೈಶಾಖಗಳಲ್ಲಿ ನಮ್ಮ ಸೀಮೆಯ ಮಳೆಯಾಶ್ರಿತ ನೆಲವು ಬರಿದಾಗಿ, ಒಣಗಿ, ಮಾಗಿ ಉಳುಮೆಗೊಂಡು ಬಿದ್ದಿರುತ್ತದೆ. ಹಿಂಗಾರಿಗೆ ಬಿಟ್ಟ ಎರೆಯಂತೂ ಮುಂಗಾರಿನಲ್ಲಿಯೂ ಬಹಳ ದಿನ ಬರಿದೇ. ನಾನು ಮೊದಲಲ್ಲಿ ನೆನಪಿಡಿ ಎಂದದ್ದು ಇದನ್ನೇ. ಸದಾ ಹಸುರಾಗಿರುವ ನೀರಾವರಿ ಸೀಮೆಗೆ ಇಲ್ಲದ ಅನುಕೂಲ, ಒಣಸೀಮೆಗೆ ಇದೆ.

ಮಣ್ಣಿನ ಗುಣದ ಮಾಹಿತಿಯ ಬಗ್ಗೆಯೂ ನಮಗೆ ಕೈಯಲ್ಲಿ ಒಂದಿಷ್ಟು ಆಸ್ತಿ ಉಂಟು. ಜಲಾನಯನಗಳ ಅಭಿವೃದ್ಧಿಗೆಂದು ನಡೆದ ಸುಜಲಾ ಯೋಜನೆಯ ಮೂರನೆಯ ಹಂತದಲ್ಲಿ ಕೊಪ್ಪಳ ಜಿಲ್ಲೆಯೂ ಸೇರಿದ್ದಿತು. ಆಯ್ದ ಕಿರುಜಲಾನಯನಗಳಲ್ಲಿ ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಜೇಡಿಯ ಅಂಶ, ಗರಸು, ಇಳಿಜಾರು ಎಲ್ಲವನ್ನೂ ನಕ್ಷೆಗೆ ಇಳಿಸಿದರು. ಉಬ್ಬುತಗ್ಗು ಆ ನಕ್ಷೆಯಲ್ಲಿ ಇರಲಾರದು; ಅದು ವಾರವಾರಕ್ಕೂ ಬದಲಾಗತಕ್ಕುದು. ಅದನ್ನು ಒದಗಿಸಬೇಕಾದವರು ಹೊಲದಲ್ಲಿ ಇರುವವರೇ.

ಇದು ಈಗಲೇ ಏಕೆ ಬೇಕೆಂದರೆ, ನಿಸಾರ್ ಉಪಗ್ರಹವು 12 ದಿನಗಳಿಗೊಮ್ಮೆ ತನ್ನ ಹಾದಿಯನ್ನು ಮತ್ತೆ ತುಳಿಯುತ್ತದೆ. ಅದರಿಂದ ತೇವದ ನಕ್ಷೆಯನ್ನು 200 ಮೀಟರಿನ ಚೌಕಗಳಲ್ಲಿ ಕೊಡುವ ಯೋಜನೆಯಿದೆ. ಒಂದು ಚೌಕದಲ್ಲಿ ಸುಮಾರು 10 ಎಕರೆ. ನಮ್ಮಲ್ಲಿ 10 ಎಕರೆಯೆಂದರೆ ಎರಡು ಮೂರು ಮನೆಯವರ ಹೊಲ. ಒಬ್ಬರದು ರಂಟೆ ಹೊಡೆದದ್ದು, ಒಬ್ಬರದು ಹರಗಿದ್ದು, ಮತ್ತೊಬ್ಬರದು ರೋಟವೇಟರ್ ಹಾಯ್ದು ನುಣ್ಣಗಾದದ್ದು. ಮೂವರ ನೆಲವನ್ನೂ ಕೂಡಿಸಿ ಒಂದೇ ಅಂಕಿ ಬರುತ್ತದೆ. ಆ ಅಂಕಿಯನ್ನು ಮೂವರಲ್ಲಿ ಹೇಗೆ ಹಂಚಬೇಕೆಂದು ತಿಳಿಯುವುದು, ಮೂವರ ಹೊಲದ ಮೈ ಹೇಗಿತ್ತೆಂದು ಬರೆದಿಟ್ಟವರಿದ್ದರೆ ಮಾತ್ರ.

ಆದುದರಿಂದ ನನ್ನ ವಿನಂತಿ ಇಷ್ಟು. ಬರುವ ಬೇಸಗೆಯಲ್ಲಿ ಹನುಮಸಾಗರದ ಸುತ್ತಣ ಕೆಲವು ಮಸಾರಿ ಹೊಲಗಳನ್ನೂ ಅಷ್ಟೇ ಎರೆ ಹೊಲಗಳನ್ನೂ ಆರಿಸಿಕೊಳ್ಳೋಣ. ಪ್ರೌಢಶಾಲೆಯ ಮಕ್ಕಳು ಕೂಡಲಿ. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇವುಗಳ ತಜ್ಞರನ್ನು ಮಾರ್ಗದರ್ಶನಕ್ಕೆ ಕೇಳಿಕೊಳ್ಳೋಣ. ಮಾಗಿ ಉಳುಮೆಯ ಮರುದಿನ ಒಮ್ಮೆ, ಮೊದಲ ಕುಂಟೆಯ ತರುವಾಯ ಒಮ್ಮೆ, ಮೊದಲ ದೊಡ್ಡ ಮಳೆಯಾಗಿ ಕಾಲಿಡಲು ಹದವಾದಾಗ ಒಮ್ಮೆ, ಬಿತ್ತಿದ ಮೇಲೆ ಒಮ್ಮೆ ಸರಪಳಿ ಹಾಸಬೇಕು. ಸಜ್ಜೆ ಮೊಣಕಾಲೆತ್ತರಕ್ಕೆ ಬಂದ ಮೇಲೆ ನಿಲ್ಲಿಸಬಹುದು; ಆಗ ರಾಡಾರು, ಅದರಲ್ಲಿಯೂ ಚಿಕ್ಕ ತರಂಗದ್ದು, ಕಾಣುವುದು ಹೆಚ್ಚಾಗಿ ಎಲೆಯನ್ನು. ಬರೆಯುವ ವಹಿಯಲ್ಲಿ ದಿನಾಂಕ, ಸರ್ವೆ ನಂಬರು, ನೆಲದ ಬಗೆ, ಹೂಡಿದ ಸಲಕರಣೆ, ಸಾಲಿನ ದಿಕ್ಕು ಇಷ್ಟೂ ಇರಲಿ. ಸರಪಳಿಯನ್ನು ಪ್ರತಿ ಸಲವೂ ಸಾಲಿಗೆ ಅಡ್ಡಲಾಗಿ ಹಾಸಿ ಒಂದು ಅಂಕಿ, ಸಾಲಿನುದ್ದಕ್ಕೆ ಹಾಸಿ ಇನ್ನೊಂದು ಅಂಕಿ, ಹೀಗೆ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಕೂಡಿಸಿ ಸರಾಸರಿ ಮಾಡಿದರೆ ಉಪಗ್ರಹವು ಯಾವ ಮಗ್ಗುಲಿನಿಂದ ನೋಡಿತೋ ಆ ಮಗ್ಗುಲಿನ ಅಂಕಿಯೇ ಕಳೆದುಹೋಗುತ್ತದೆ.